ಇವಿ ಕೊಳ್ಳುವ ಮುನ್ನ: ಮೊದಲು ಮೀಟರ್ ಬೋರ್ಡ್, ಆಮೇಲೆ ಶೋರೂಮ್

ಪ್ರಶ್ನೆ: ನಾನು ಶಿವಮೊಗ್ಗದವನು, ವಯಸ್ಸು 52. ಕೆಲಸ ಭದ್ರಾವತಿಯಲ್ಲಿ, ದಿನಕ್ಕೆ ಹೋಗಿಬರುವುದು 40 ಕಿ.ಮೀ. ತಿಂಗಳಿಗೊಮ್ಮೆ ಬೆಂಗಳೂರಿನ ಮಗಳ ಮನೆಗೆ, ವರ್ಷಕ್ಕೆ ಮೂರ್ನಾಲ್ಕು ಸಲ ಆಗುಂಬೆ ಘಾಟಿ ಇಳಿದು ಉಡುಪಿಗೆ ಹೋಗುತ್ತೇವೆ. ಹನ್ನೊಂದು ವರ್ಷದ ಪೆಟ್ರೋಲ್ ಕಾರು ಮಾರಿ, 16 ಲಕ್ಷದೊಳಗೆ ಎಲೆಕ್ಟ್ರಿಕ್ ಕಾರು ಕೊಳ್ಳುವ ಯೋಚನೆ ಇದೆ. ಸ್ವಂತ ಮನೆ, ಪೋರ್ಟಿಕೊ ಇದೆ. ಗೃಹಜ್ಯೋತಿಯಿಂದ ಕರೆಂಟ್ ಬಿಲ್ ಸೊನ್ನೆ ಬರುತ್ತಿದೆ. ಎಂಟು ವರ್ಷಕ್ಕೆ ಬ್ಯಾಟರಿ ಸತ್ತರೆ ಕಾರು ಗುಜರಿಗೇ ಎಂದು ಸಹೋದ್ಯೋಗಿಗಳು ಹೆದರಿಸುತ್ತಾರೆ. ಮಳೆಗಾಲದಲ್ಲಿ ಎರಡೆರಡು ದಿನ ಕರೆಂಟ್ ಇರುವುದಿಲ್ಲ. ಅಳಿಯ ‘ಅದು ಕಲ್ಲಿದ್ದಲಿನ ಕಾರು’ ಎನ್ನುತ್ತಾನೆ. ದೀಪಾವಳಿಗೆ ಕೊಳ್ಳಲೋ, ಇನ್ನೊಂದು ವರ್ಷ ಕಾಯಲೋ?

ಉತ್ತರ: ಬ್ಯಾಟರಿ, ಘಾಟಿ, ಮಳೆ ಎಲ್ಲದರ ಬಗ್ಗೆ ಕೇಳಿದ್ದೀರಿ. ಆದರೆ ಈ ವ್ಯವಹಾರವನ್ನು ತೀರ್ಮಾನಿಸುವ ಸಂಗತಿ ನಿಮ್ಮ ಪತ್ರದಲ್ಲಿ ನಾಲ್ಕೇ ಪದಗಳಲ್ಲಿ ಬಂದುಹೋಗಿದೆ: ‘ಸ್ವಂತ ಮನೆ, ಪೋರ್ಟಿಕೊ ಇದೆ’. ಬಾಡಿಗೆ ಮನೆಯಲ್ಲಿದ್ದು, ಕಾರನ್ನು ರಸ್ತೆ ಬದಿಯಲ್ಲಿ ನಿಲ್ಲಿಸುವವರು ಇದೇ ಪ್ರಶ್ನೆ ಕೇಳಿದ್ದರೆ ‘ಸದ್ಯಕ್ಕೆ ಬೇಡ’ ಎಂದು ಒಂದೇ ಸಾಲಿನಲ್ಲಿ ಮುಗಿಸುತ್ತಿದ್ದೆ. ರಾತ್ರಿ ಕಾರು ನಿಲ್ಲುವ ಜಾಗದಲ್ಲೇ ಪ್ಲಗ್ ಇದ್ದರೆ ಇವಿಯಷ್ಟು ಸುಖದ ವಾಹನ ಇನ್ನೊಂದಿಲ್ಲ. ಇಲ್ಲದಿದ್ದರೆ ವಾರಕ್ಕೆರಡು ಸಲ ಚಾರ್ಜಿಂಗ್ ಕೇಂದ್ರದಲ್ಲಿ ಕುಳಿತು ಮೊಬೈಲ್ ನೋಡುವ ಕೆಲಸ ಅಂಟಿಕೊಳ್ಳುತ್ತದೆ.

ನಿಮ್ಮ ದಿನದ ಓಡಾಟದ ಲೆಕ್ಕ ನೋಡಿ. ಈ ಗಾತ್ರದ ಕಾರು ಒಂದು ಯುನಿಟ್ ವಿದ್ಯುತ್ತಿಗೆ ಸುಮಾರು 7 ಕಿ.ಮೀ. ಓಡುತ್ತದೆ. 40 ಕಿ.ಮೀ.ಗೆ ಆರು ಯುನಿಟ್ ಸಾಕು. ಗೀಸರಿಗೆ ಬಳಸುವಂಥ ದೊಡ್ಡ ಮೂರು ಪಿನ್ನಿನ ಸಾಕೆಟ್ಟಿನಲ್ಲಿ ಗಂಟೆಗೆ ಮೂರು ಯುನಿಟ್ ತುಂಬುತ್ತದೆ. ಅಂದರೆ ದಿನಕ್ಕೆ ಎರಡು ಗಂಟೆ ಚಾರ್ಜ್. ಭದ್ರಾವತಿಗೆ ಹೋಗಿಬರುವ ಮಟ್ಟಿಗೆ ‘ದಾರಿಯಲ್ಲಿ ನಿಂತುಬಿಟ್ಟರೆ?’ ಎಂಬ ಪ್ರಶ್ನೆಯೇ ಏಳುವುದಿಲ್ಲ. ಗೋಡೆಗೆ ಹಾಕುವ 7.2 ಕಿಲೊವಾಟ್ ಚಾರ್ಜರ್ ಬೇಕೇಬೇಕು ಎಂದು ಮಾರಾಟಗಾರ ಒತ್ತಾಯಿಸಬಹುದು. ಕಾರಿನ ಜೊತೆ ಉಚಿತವಾಗಿ ಬಂದರೆ ಇಟ್ಟುಕೊಳ್ಳಿ, ಅದಕ್ಕೆಂದೇ ದುಡ್ಡು ಕೊಡಬೇಡಿ. ನಿಮ್ಮ ಬಳಕೆಗೆ 3.3 ಕಿಲೊವಾಟ್ ಧಾರಾಳವಾಯಿತು.

ಇನ್ನು ಶೋರೂಮಿನಲ್ಲಿ ಯಾರೂ ಹೇಳದ ಮಾತು: ಗೃಹಜ್ಯೋತಿ. 2023ರ ಜುಲೈನಿಂದ ಜಾರಿಯಲ್ಲಿರುವ ಈ ಯೋಜನೆಯಲ್ಲಿ ನಿಮ್ಮ ಹಿಂದಿನ ಸರಾಸರಿ ಬಳಕೆಯ ಮೇಲೆ ಒಂದಿಷ್ಟು ಸೇರಿಸಿ ಉಚಿತ ಮಿತಿ ಕೊಟ್ಟಿದ್ದಾರೆ. ಮಿತಿ ದಾಟಿ 200 ಯುನಿಟ್ ಒಳಗಿದ್ದರೆ ಹೆಚ್ಚಿನದ್ದಕ್ಕಷ್ಟೇ ಬಿಲ್. 200 ದಾಟಿತೋ, ಆ ತಿಂಗಳು ಮೊದಲ ಯುನಿಟ್ಟಿನಿಂದಲೇ ಪೂರ್ತಿ ಬಿಲ್ ಕಟ್ಟಬೇಕು. ನಿಮ್ಮ ಮನೆಯ ಬಳಕೆ ತಿಂಗಳಿಗೆ 120 ಯುನಿಟ್ ಇದೆ ಎಂದಿಟ್ಟುಕೊಳ್ಳಿ. ಕಾರು ತಿಂಗಳಿಗೆ ಮನೆಯಿಂದ ಎಳೆಯುವುದು, ಚಾರ್ಜಿಂಗಿನಲ್ಲಿ ಶಾಖವಾಗಿ ಹೋಗುವ ಶೇ 10–12 ನಷ್ಟವನ್ನೂ ಸೇರಿಸಿದರೆ, ಸುಮಾರು 200 ಯುನಿಟ್. ಒಟ್ಟು 320. ಉಚಿತದ ಸೌಲಭ್ಯ ಅಲ್ಲಿಗೆ ಮುಗಿಯಿತು. ಗೃಹಬಳಕೆಯ ಯುನಿಟ್ ದರ ಆರು ರೂಪಾಯಿಗೆ ಹತ್ತಿರ. ಅದರ ಮೇಲೆ ಕಿಲೊವಾಟ್ ಲೆಕ್ಕದ ಸ್ಥಿರ ಶುಲ್ಕ, ಸರ್ಚಾರ್ಜ್, ವಿದ್ಯುತ್ ತೆರಿಗೆ ಕೂಡಿದರೆ ಬಿಲ್ 2,500 ರೂ. ಮುಟ್ಟುತ್ತದೆ. ಸೊನ್ನೆ ಬರುತ್ತಿದ್ದ ಜಾಗದಲ್ಲಿ 2,500 ಬಂದರೆ ಅಷ್ಟೂ ಕಾರಿನ ಖರ್ಚೇ. ಹಾಗೆ ನೋಡಿದರೆ ಕಾರಿಗೆ ಹಾಕಿದ ಪ್ರತಿ ಯುನಿಟ್ಟಿಗೆ ಹನ್ನೆರಡು–ಹದಿಮೂರು ರೂಪಾಯಿ ತೆತ್ತಂತೆ. ಜಾಹೀರಾತಿನಲ್ಲಿ ‘ಕಿ.ಮೀ.ಗೆ ಒಂದೇ ರೂಪಾಯಿ’ ಎಂದು ಓದಿಕೊಂಡು ಬಂದವರು ಮೊದಲ ತಿಂಗಳ ಬಿಲ್ ಹಿಡಿದು ಬೈಯುವುದು ಇದಕ್ಕೇ.

ಇದಕ್ಕೆ ದಾರಿ ಇದೆ. ಇವಿ ಚಾರ್ಜಿಂಗಿಗೆಂದೇ ಪ್ರತ್ಯೇಕ ಸಂಪರ್ಕ ಕೇಳಿ. ಅದಕ್ಕೆ ಬೇರೆ ಮೀಟರ್, ಬೇರೆ ಆರ್.ಆರ್. ನಂಬರ್, ಬೇರೆ ದರ ವರ್ಗ. ಆ ವರ್ಗದ ಯುನಿಟ್ ದರ ಗೃಹಬಳಕೆಗಿಂತ ಕಡಿಮೆಯಾಗಿ ಐದು ರೂಪಾಯಿಯ ಆಸುಪಾಸಿನಲ್ಲಿದೆ. 2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳನ್ನು ತಿದ್ದಿ, ಇವಿಗೆ ಪ್ರತ್ಯೇಕ ಸಂಪರ್ಕ ಕೇಳುವುದನ್ನು ಗ್ರಾಹಕರ ಹಕ್ಕಾಗಿಸಿದೆ. ಮಹಾನಗರಗಳ ಹೊರಗಿನ ಪಟ್ಟಣ–ನಗರಗಳಲ್ಲಿ ಏಳು ದಿನದೊಳಗೆ ಸಂಪರ್ಕ ಕೊಡಬೇಕು ಎಂದೂ ಅದರಲ್ಲಿದೆ. ಏಳು ದಿನ ಎನ್ನುವುದು ಕಾಗದದ ಮೇಲಿನ ಮಾತು. ನೀವು ಒಂದು ತಿಂಗಳು ಕೈಯಲ್ಲಿಟ್ಟುಕೊಂಡು ಮೆಸ್ಕಾಂ ಉಪವಿಭಾಗಕ್ಕೆ ಅರ್ಜಿ ಹಾಕಿ. ಠೇವಣಿ, ಸರ್ವೀಸ್ ವೈರ್, ಪರವಾನಗಿ ಇರುವ ಗುತ್ತಿಗೆದಾರನ ಕೂಲಿ ಎಂದು ಒಂದಿಷ್ಟು ಖರ್ಚು ಬೀಳುತ್ತದೆ. ಆದರೆ ಮನೆಯ ಸೊನ್ನೆ ಬಿಲ್ ಸೊನ್ನೆಯಾಗಿಯೇ ಉಳಿದು, ಕಾರಿನ ಬಿಲ್ ತಿಂಗಳಿಗೆ 1,500 ರೂ.ಗಳ ಒಳಗೆ ನಿಲ್ಲುತ್ತದೆ. ತಿಂಗಳಿಗೆ ಸಾವಿರ ಉಳಿಯುವ ಕಡೆ ಮೀಟರಿನ ಖರ್ಚು ಹುಟ್ಟುವುದಕ್ಕೆ ಬಹಳ ಕಾಲ ಬೇಡ.

ಪ್ರತ್ಯೇಕ ಸಂಪರ್ಕಕ್ಕೆ ಇನ್ನೊಂದು ಕಾರಣವೂ ಇದೆ. ಹಳೆಯ ಮನೆಗಳ ಮಂಜೂರಾದ ಲೋಡ್ ಎರಡೋ ಮೂರೋ ಕಿಲೊವಾಟ್ ಇರುತ್ತದೆ. ಬೆಳಿಗ್ಗೆ ಆರಕ್ಕೆ ಕಾರು 3.3 ಕಿಲೊವಾಟ್ ಎಳೆಯುತ್ತಿರುವಾಗ ಯಾರಾದರೂ ಗೀಸರ್ ಹಾಕಿದರೆ ಎಂಸಿಬಿ (ಲೋಡ್ ಮೀರಿದರೆ ತಾನೇ ಆರುವ ಸ್ವಿಚ್) ಬೀಳುತ್ತದೆ. ಬೀಳದಿದ್ದರೆ ಅದು ಇನ್ನೂ ಅಪಾಯ, ತಂತಿ ಬಿಸಿಯಾಗುತ್ತಿರುತ್ತದೆ.

ತಂತಿಯ ವಿಷಯಕ್ಕೆ ಬಂದಿದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಮನೆಯಲ್ಲಿ ಇವಿ ಚಾರ್ಜ್ ಮಾಡುವವರಿಗೆ ಬರುವ ತೊಂದರೆಗಳಲ್ಲಿ ಬಹುಪಾಲು ಕಾರಿನವಲ್ಲ, ಗೋಡೆಯವು. ಮೀಟರ್ ಬೋರ್ಡಿನಿಂದ ಪೋರ್ಟಿಕೊವರೆಗೆ ಬೇರೇನೂ ಸೇರದ ಒಂಟಿ ಲೈನ್ ಎಳೆಸಿ. 16 ಆಂಪ್ ಸಾಕೆಟ್ಟಿಗೆ 4 ಚದರ ಮಿ.ಮೀ. ತಾಮ್ರದ ತಂತಿ, 7.2 ಕಿಲೊವಾಟ್ ಚಾರ್ಜರಿಗೆ 6 ಚದರ ಮಿ.ಮೀ. ಅದಕ್ಕೆಂದೇ ಒಂದು ಎಂಸಿಬಿ, ಕರೆಂಟ್ ಸೋರಿದರೆ ಲೈನ್ ಕಡಿಯುವ ಒಂದು 30 ಮಿಲಿಆಂಪ್ ಆರ್‌ಸಿಸಿಬಿ. ಸಾಕೆಟ್ ಮಾತ್ರ ಅಂಗಡಿಯಲ್ಲಿ ಮೊದಲು ಸಿಕ್ಕಿದ್ದಲ್ಲ, ಕೈಗಾರಿಕಾ ದರ್ಜೆಯದ್ದು. ಗೀಸರ್ ಹದಿನೈದು ನಿಮಿಷ ಉರಿದು ಆರುತ್ತದೆ. ಕಾರಾದರೆ ಬೆಂಗಳೂರಿನಿಂದ ಬರಿದಾಗಿ ಬಂದ ರಾತ್ರಿ ಹತ್ತು–ಹನ್ನೆರಡು ಗಂಟೆ ಒಂದೇ ಸಮನೆ ಎಳೆಯುತ್ತದೆ. ಸಾಧಾರಣ ಸಾಕೆಟ್ಟಿನ ಒಳಗಿನ ಹಿತ್ತಾಳೆ ಸಡಿಲಾಗಿ, ಪಿನ್ನಿನ ಸುತ್ತ ಪ್ಲಾಸ್ಟಿಕ್ ಕಂದಾಗಲು ಕೆಲವೇ ತಿಂಗಳು ಸಾಕು. ಮೊದಲ ವಾರ ಚಾರ್ಜ್ ಆಗುತ್ತಿರುವಾಗ ಒಂದು ಗಂಟೆಯ ನಂತರ ಪ್ಲಗ್ಗಿನ ಹೊರಮೈ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಷ್ಟು ಬಿಸಿಯಿದ್ದರೆ ಆ ಕ್ಷಣವೇ ನಿಲ್ಲಿಸಿ. ಎಕ್ಸ್‌ಟೆನ್ಷನ್ ಬಾಕ್ಸ್ ಅಂತೂ ಬೇಡವೇ ಬೇಡ.

ಅರ್ಥಿಂಗ್ ಇನ್ನೊಂದು ಕಥೆ. ಇವಿ ಚಾರ್ಜರ್ ಅರ್ಥಿಂಗ್ ಸರಿಯಿಲ್ಲದಿದ್ದರೆ ಕೆಂಪು ದೀಪ ತೋರಿಸಿ ಸುಮ್ಮನಾಗುತ್ತದೆ. ಇಪ್ಪತ್ತು ವರ್ಷದ ಹಿಂದೆ ಹೂಳಿದ ಪೈಪಿನ ಸುತ್ತ ಉಪ್ಪು–ಇದ್ದಿಲು ಯಾವಾಗಲೋ ಕರಗಿಹೋಗಿರುತ್ತದೆ. ಏಪ್ರಿಲ್ ಬಿಸಿಲಿಗೆ ಮಣ್ಣು ಒಣಗಿತೆಂದರೆ ಅರ್ಥಿಂಗ್ ಇದ್ದೂ ಇಲ್ಲದಂತೆ. ಆಗ ಕೆಲವು ಎಲೆಕ್ಟ್ರಿಷಿಯನ್ನರು ನ್ಯೂಟ್ರಲನ್ನೇ ಅರ್ಥ್ ಪಿನ್ನಿಗೆ ಸೇರಿಸಿ ಚಾರ್ಜರಿಗೆ ಕಣ್ಣುಕಟ್ಟು ಮಾಡಿಕೊಡುತ್ತಾರೆ. ಹಸಿರು ದೀಪವೂ ಬರುತ್ತದೆ. ಮುಂದೆ ಯಾವತ್ತಾದರೂ ಹೊರಗಿನ ನ್ಯೂಟ್ರಲ್ ತುಂಡಾದರೆ ಕಾರಿನ ಮೈಗೆಲ್ಲ ವಿದ್ಯುತ್ ಹರಿಯುತ್ತದೆ. ಬಾಗಿಲ ಹಿಡಿ ಮುಟ್ಟುವುದು ಮೊಮ್ಮಗುವೂ ಆಗಿರಬಹುದು. ಹೊಸ ಅರ್ಥ್ ಪಿಟ್ ತೋಡಿಸಿ, ಗುತ್ತಿಗೆದಾರನ ಎದುರೇ ಅಳೆಸಿ. ಗುಡುಗು–ಮಿಂಚಿನ ಊರು ನಿಮ್ಮದು, ಹಾಗಾಗಿ ಬೋರ್ಡಿನಲ್ಲಿ ಸರ್ಜ್ ರಕ್ಷಕವೂ ಇರಲಿ. ಏಪ್ರಿಲ್–ಮೇ ಸಂಜೆಗಳಲ್ಲಿ ಮೋಡ ಕಟ್ಟಿದರೆ ಪ್ಲಗ್ ಕಿತ್ತಿಡಿ. ಎರಡು ಗಂಟೆಯ ಚಾರ್ಜನ್ನು ನಡುರಾತ್ರಿಗೆ ಹಾಕಿದರೂ ನಷ್ಟವಿಲ್ಲ, ಕಾರಿನಲ್ಲೇ ಸಮಯ ಹೊಂದಿಸುವ ಸೌಲಭ್ಯ ಇರುತ್ತದೆ.

ದುಡ್ಡಿನ ಲೆಕ್ಕ ಬೇಗ ಮುಗಿಸೋಣ. ನೀವು ವರ್ಷಕ್ಕೆ ಹೆಚ್ಚುಕಡಿಮೆ 20,000 ಕಿ.ಮೀ. ಓಡಿಸುತ್ತೀರಿ. ಲೀಟರಿಗೆ 15 ಕಿ.ಮೀ., ಪೆಟ್ರೋಲ್ 103 ರೂ. ಎಂದರೆ ವರ್ಷಕ್ಕೆ 1.37 ಲಕ್ಷ. ಇವಿಯಲ್ಲಿ ಮನೆಯ ಚಾರ್ಜಿಗೆ 18,000, ಪ್ರಯಾಣದಲ್ಲಿ ಸಾರ್ವಜನಿಕ ಚಾರ್ಜಿಗೆ ಜಿಎಸ್‌ಟಿ ಸೇರಿ ಯುನಿಟ್ಟಿಗೆ 22 ರೂ.ಗಳಂತೆ 16,000. ಒಟ್ಟು 34,000. ಪ್ರತ್ಯೇಕ ಮೀಟರ್ ಹಾಕಿಸದಿದ್ದರೆ ಇದು 46,000ದ ಹತ್ತಿರ ಹೋಗುತ್ತದೆ, ಆಗಲೂ ಲಾಭವೇ. ಆಯಿಲ್ ಬದಲಿಸುವುದು, ಕ್ಲಚ್, ಬೆಲ್ಟ್ ಇಲ್ಲದ್ದರಿಂದ ಸರ್ವೀಸಿನಲ್ಲಿ ಉಳಿಯುತ್ತದೆ. ಟೈರಿನಲ್ಲಿ ಸ್ವಲ್ಪ ಹೋಗುತ್ತದೆ, ಏಕೆಂದರೆ ಭಾರ ಹೆಚ್ಚು, ಎಳೆತ ಹೆಚ್ಚು, ಸವೆತವೂ ಹೆಚ್ಚು. ಅಂತೂ ವರ್ಷಕ್ಕೆ ಒಂದು ಲಕ್ಷ ಉಳಿಯುತ್ತದೆ ಎನ್ನಿ. 2025ರ ಸೆಪ್ಟೆಂಬರಿನಲ್ಲಿ ಸಣ್ಣ ಪೆಟ್ರೋಲ್ ಕಾರಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದ ಮೇಲೆ, ಶೇ 5ರಲ್ಲೇ ಇದ್ದ ಇವಿಗೂ ಅದಕ್ಕೂ ನಡುವಿನ ಬೆಲೆಯ ಅಂತರ ಮತ್ತೆ ಹಿಗ್ಗಿದೆ. ಆ ಅಂತರ ಮೂರು ಲಕ್ಷದ ಹತ್ತಿರ ಬಂದರೆ ಮೂರು ವರ್ಷದಲ್ಲಿ ಸರಿಹೋಗುತ್ತದೆ. ಆದರೆ ಎಕ್ಸ್ ಶೋರೂಮ್ ಬೆಲೆ ಹಿಡಿದು ಹೋಲಿಸಬೇಡಿ. ಕರ್ನಾಟಕದಲ್ಲಿ ಪೆಟ್ರೋಲ್ ಕಾರಿನ ಆಜೀವ ತೆರಿಗೆ ಭಾರಿ. ಇವಿಗೆ ಬಹುಕಾಲ ಪೂರ್ಣ ವಿನಾಯಿತಿ ಇತ್ತು, 2024ರಲ್ಲಿ 25 ಲಕ್ಷ ಮೀರಿದ ಇವಿಗಳಿಗೆ ಶೇ 10 ಹಾಕಿದರು. ಇಂಥ ವಿನಾಯಿತಿಗಳು ಬಜೆಟ್ಟಿನಿಂದ ಬಜೆಟ್ಟಿಗೆ ಬದಲಾಗುವಂಥವು. ಹಾಗಾಗಿ ಎರಡೂ ಬಗೆಯ ಕಾರುಗಳ ಆನ್ ರೋಡ್ ಬೆಲೆಯನ್ನು ಒಂದೇ ವಾರದಲ್ಲಿ ಬರವಣಿಗೆಯಲ್ಲಿ ತೆಗೆದುಕೊಂಡು ಪಕ್ಕದಲ್ಲಿಟ್ಟು ನೋಡಿ. ಕೇಂದ್ರದ ಪಿಎಂ ಇ–ಡ್ರೈವ್ ಯೋಜನೆಯಲ್ಲಿ ಖಾಸಗಿ ಕಾರಿಗೆ ಸಬ್ಸಿಡಿ ಇಲ್ಲ. ಸಾಲದ ಬಡ್ಡಿಯ ಮೇಲೆ ಸಿಗುತ್ತಿದ್ದ ಆದಾಯ ತೆರಿಗೆ ರಿಯಾಯಿತಿಯೂ 2023ರ ಮಾರ್ಚ್ ನಂತರ ಮಂಜೂರಾದ ಸಾಲಗಳಿಗೆ ಅನ್ವಯಿಸುವುದಿಲ್ಲ. ಯಾರಾದರೂ ಅವೆರಡನ್ನು ಹೇಳಿ ಆಸೆ ತೋರಿಸಿದರೆ ನಂಬಬೇಡಿ.

ಬೆಂಗಳೂರು ಪ್ರಯಾಣವೇ ನಿಮ್ಮ ನಿಜವಾದ ಪರೀಕ್ಷೆ. ದೂರ 300 ಕಿ.ಮೀ. ನಿಮ್ಮ ಬಜೆಟ್ಟಿಗೆ ಬರುವ ಟಾಟಾ ನೆಕ್ಸಾನ್ ಇವಿಯ 45 ಯುನಿಟ್ (ಕಿಲೊವಾಟ್ ಅವರ್) ಬ್ಯಾಟರಿಯ ಕಾರನ್ನೇ ಉದಾಹರಣೆಗೆ ತೆಗೆದುಕೊಳ್ಳಿ. ಪ್ರಮಾಣೀಕರಣ ಪರೀಕ್ಷೆಯ ಅಂಕಿ 489 ಕಿ.ಮೀ. ಅದೇ ಕಂಪನಿ ನೈಜ ಬಳಕೆಗೆ ಹೇಳುವುದು 350–370. ಹೆದ್ದಾರಿಯಲ್ಲಿ ಎಸಿ ಹಾಕಿ, ನಾಲ್ಕು ಜನ ಕೂತು ಗಂಟೆಗೆ 90ರಲ್ಲಿ ಹೋದರೆ ನಾನು ಲೆಕ್ಕ ಹಿಡಿಯುವುದು 290. ವೇಗ ನೂರು ದಾಟಿಸಿದರೆ ಅದೂ ಇಲ್ಲ. ಗಾಳಿಯ ತಡೆ ವೇಗದ ವರ್ಗದ ಪ್ರಮಾಣದಲ್ಲಿ ಏರುವುದರಿಂದ 80ಕ್ಕೂ 110ಕ್ಕೂ ನಡುವೆ ತಡೆ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಪೆಟ್ರೋಲ್ ಕಾರಿನಲ್ಲೂ ಇದು ನಡೆಯುತ್ತದೆ. ಅಲ್ಲಿ ಬಂಕಿನಲ್ಲಿ ದುಡ್ಡು ಕೊಟ್ಟು ಮರೆಯುತ್ತೇವೆ, ಇಲ್ಲಿ ಪರದೆಯ ಮೇಲೆ ಶೇಕಡಾವಾರು ಇಳಿಯುವುದು ಕಣ್ಣಿಗೆ ಹೊಡೆಯುತ್ತದೆ.

ಹಾಗಾಗಿ ಒಂದು ನಿಲುಗಡೆ ಬೇಕೇ ಬೇಕು. ಭದ್ರಾವತಿ, ತರೀಕೆರೆ, ಕಡೂರು, ಅರಸೀಕೆರೆ ದಾಟಿ ತಿಪಟೂರಿಗೆ ಬಂದರೆ ಅರ್ಧ ದಾರಿ. ಆ ಹೊತ್ತಿಗೆ ಬ್ಯಾಟರಿಯಲ್ಲಿ ಶೇ 45ರಷ್ಟು ಉಳಿದಿರುತ್ತದೆ. ಅಲ್ಲಿಂದ ತುಮಕೂರಿನೊಳಗೆ ಎಲ್ಲಾದರೂ ಡಿಸಿ ವೇಗದ ಚಾರ್ಜರಿಗೆ ಅರ್ಧ ಗಂಟೆ ಹಾಕಿದರೆ ಮಗಳ ಮನೆ ತಲುಪಿ ಮಾರನೆಯ ದಿನ ನಗರ ಸುತ್ತುವಷ್ಟು ಸಿಗುತ್ತದೆ. ನನ್ನ ಶಿಫಾರಸು ತುಮಕೂರು ಕಡೆಗೆ. ಆಯ್ಕೆ ಹೆಚ್ಚು, ಪಕ್ಕದ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿಯೂ ಸಿಗುತ್ತದೆ. ಶೇ 80 ದಾಟಿದ ಮೇಲೆ ಮಾತ್ರ ಕಾಯಬೇಡಿ. ಜಾತ್ರೆ ಬಸ್ಸಿನಲ್ಲಿ ಮೊದಲ ಸೀಟುಗಳು ಗಳಿಗೆಯಲ್ಲಿ ತುಂಬಿ, ಕೊನೆಯವರು ಜಾಗ ಹುಡುಕುತ್ತ ನಿಲ್ಲುವ ಹಾಗೆ, ಬ್ಯಾಟರಿಯ ಕೊನೆಯ ಶೇ 20ಕ್ಕೆ ಮೊದಲ ಶೇ 60ರಷ್ಟೇ ಹೊತ್ತು ಹಿಡಿಯಬಹುದು.

ಚಾರ್ಜಿಂಗ್ ಕೇಂದ್ರಗಳ ಸಂಖ್ಯೆಯಲ್ಲಿ ಕರ್ನಾಟಕ ಮುಂದಿದೆ ಎಂದು ಪತ್ರಿಕೆಗಳಲ್ಲಿ ಓದಿರುತ್ತೀರಿ. ನಿಜವೇ, ಆದರೆ ಅವುಗಳಲ್ಲಿ ಬಹುಪಾಲು ಬೆಂಗಳೂರು ನಗರ ಜಿಲ್ಲೆಯಲ್ಲೇ ಇವೆ. ಅದರಲ್ಲೂ ಸ್ಕೂಟರಿಗಷ್ಟೇ ಒಗ್ಗುವ ನಿಧಾನದ ಪ್ಲಗ್ಗುಗಳೂ ಸೇರಿವೆ. ನಿಮಗೆ ಬೇಕಾದದ್ದು ಸಿಸಿಎಸ್2 ಗನ್ (ನಮ್ಮ ಕಾರುಗಳಿಗೆ ಹೊಂದುವ ವೇಗದ ಚಾರ್ಜಿಂಗಿನ ಪ್ಲಗ್) ಇರುವ, ಕನಿಷ್ಠ 50–60 ಕಿಲೊವಾಟಿನ ಡಿಸಿ ಚಾರ್ಜರ್. ಹೊರಡುವ ಹಿಂದಿನ ದಿನ ಆ್ಯಪ್‌ನಲ್ಲಿ ಎರಡು ಕೇಂದ್ರ ಗುರುತು ಹಾಕಿಕೊಳ್ಳಿ: ಒಂದು ನಿಲ್ಲಬೇಕೆಂದಿರುವುದು, ಇನ್ನೊಂದು ಅದು ಕೆಟ್ಟಿದ್ದರೆ ಮುಂದೆ 30–40 ಕಿ.ಮೀ.ಯಲ್ಲಿ ಸಿಗುವಂಥದ್ದು. ನಕ್ಷೆಯಲ್ಲಿ ಹಸಿರು ಚುಕ್ಕೆ ಇದೆ ಎಂದು ನಂಬಿ ಹೋಗಬೇಡಿ, ಕೊನೆಯ ಸಲ ಯಾರು ಯಾವಾಗ ಚಾರ್ಜ್ ಮಾಡಿದ್ದಾರೆ ನೋಡಿ. ನಿನ್ನೆ–ಇವತ್ತು ಎಂದಿದ್ದರೆ ಸರಿ, ಎರಡು ವಾರದ ಹಿಂದೆ ಎಂದಿದ್ದರೆ ಫೋನ್ ಮಾಡಿ. ಟಾಟಾ ಪವರ್, ಝಿಯಾನ್, ಸ್ಟಾಟಿಕ್, ಜಿಯೊ–ಬಿಪಿ ಹೀಗೆ ಒಂದೊಂದು ಜಾಲಕ್ಕೂ ಒಂದೊಂದು ಆ್ಯಪ್, ಒಂದೊಂದು ವ್ಯಾಲೆಟ್. ಈ ಗೋಜಲು ಇವಿ ಲೋಕದ ಅತ್ಯಂತ ಕಿರಿಕಿರಿಯ ಸಂಗತಿ ಎಂಬುದು ನನ್ನ ಖಚಿತ ಅಭಿಪ್ರಾಯ. ಮನೆಯಲ್ಲಿ ವೈಫೈ ಇರುವಾಗಲೇ ಮೂರ್ನಾಲ್ಕು ಆ್ಯಪ್ ಹಾಕಿ, ಒಂದೊಂದರಲ್ಲೂ ಒಂದಿಷ್ಟು ದುಡ್ಡು ಹಾಕಿಡಿ. ನೆಟ್‌ವರ್ಕ್ ಸಿಗದ ಜಾಗದಲ್ಲಿ ನಿಂತು ಒಟಿಪಿ ಕಾಯುವುದಕ್ಕಿಂತ ಅದು ವಾಸಿ.

ಮಗಳ ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಅವರ ಮೀಟರಿಗೆ ಸೇರಿದ 16 ಆಂಪ್ ಸಾಕೆಟ್ ಇದ್ದರೆ ಒಂದು ರಾತ್ರಿಯಲ್ಲಿ 180–190 ಕಿ.ಮೀ.ಗೆ ಆಗುವಷ್ಟು ತುಂಬುತ್ತದೆ. ಎರಡು ರಾತ್ರಿ ಉಳಿದರೆ ವಾಪಸು ಹೊರಡುವಾಗ ಪೂರ್ತಿ. ಸಂಘದ ಒಪ್ಪಿಗೆಯನ್ನು ಮೊದಲೇ, ಬರವಣಿಗೆಯಲ್ಲಿ ತೆಗೆದುಕೊಳ್ಳಲಿ. ನೆಲಮಾಳಿಗೆಯ ಪಾರ್ಕಿಂಗ್ ಎಂದರೆ ಬೆಂಕಿಯ ಮಾತು ಎದ್ದೇ ಏಳುತ್ತದೆ. 2022ರಲ್ಲಿ ಸುದ್ದಿಯಾದ ಬೆಂಕಿ ಪ್ರಕರಣಗಳು ಹೆಚ್ಚಾಗಿ ಸ್ಕೂಟರುಗಳವು. ಅವುಗಳ ಬೆನ್ನಲ್ಲೇ ಬ್ಯಾಟರಿ ಸುರಕ್ಷತೆಯ, ಸ್ಕೂಟರುಗಳ ಎಐಎಸ್ 156 ಮತ್ತು ಕಾರುಗಳ ಎಐಎಸ್ 038 ಮಾನದಂಡಗಳನ್ನು ಬಿಗಿಗೊಳಿಸಲಾಯಿತು, ಬ್ಯಾಟರಿಯೊಳಗೆ ಬೆಂಕಿ ಹತ್ತುವ ಮುನ್ನ ಕೂತವರಿಗೆ ಎಚ್ಚರಿಕೆ ಸಿಗಬೇಕೆಂಬುದೂ ಅದರಲ್ಲಿ ಸೇರಿದೆ.

ಆಗುಂಬೆ ನಿಮ್ಮ ಭಯದಷ್ಟು ದೊಡ್ಡದಲ್ಲ. ಕಾರು, ನಾಲ್ಕು ಜನ, ಸಾಮಾನು ಸೇರಿ 1,800 ಕೆ.ಜಿ. ಎಂದುಕೊಳ್ಳಿ. ಸೋಮೇಶ್ವರದಿಂದ ಆಗುಂಬೆಗೆ ಅದನ್ನು ಸುಮಾರು 550 ಮೀಟರ್ ಮೇಲೆತ್ತಬೇಕು. ಭೌತವಿಜ್ಞಾನದ ಲೆಕ್ಕದಲ್ಲಿ ಅದು 2.7 ಯುನಿಟ್, ನಷ್ಟ ಸೇರಿ ಮೂರು. ಎಂದರೆ ಹದಿನಾಲ್ಕು ತಿರುವುಗಳ ಆ ಏರು ನಿಮ್ಮ ಬ್ಯಾಟರಿಯಿಂದ ಬಯಲು ದಾರಿಯ ಇಪ್ಪತ್ತು ಕಿ.ಮೀ.ಯಷ್ಟನ್ನು ಹೆಚ್ಚುವರಿಯಾಗಿ ತಿನ್ನುತ್ತದೆ, ಅಷ್ಟೇ. ಇಳಿಯುವಾಗ ಮೋಟರೇ ಜನರೇಟರ್ ಆಗಿ ಅರ್ಧಕ್ಕಿಂತ ಹೆಚ್ಚನ್ನು ಹಿಂದಕ್ಕೆ ಕೊಡುತ್ತದೆ, ಬ್ರೇಕ್ ಬಿಸಿಯಾಗುವುದಿಲ್ಲ. ಶಿವಮೊಗ್ಗದಲ್ಲಿ ಪೂರ್ತಿ ತುಂಬಿಸಿ ಹೊರಟರೆ ಘಾಟಿಯ ತಲೆಗೆ ಬರುವಷ್ಟರಲ್ಲಿ ಬ್ಯಾಟರಿಯಲ್ಲಿ ಜಾಗ ಆಗಿರುತ್ತದೆ, ಹಾಗಾಗಿ ಮರಳಿ ಬರುವ ವಿದ್ಯುತ್ ಒಳಸೇರಲು ಅಡ್ಡಿಯಿಲ್ಲ. ಘಾಟಿಯ ತಲೆಯಲ್ಲೇ ಮನೆ ಇದ್ದು ಶೇ 100 ತುಂಬಿಸಿ ಇಳಿಯುವವರಿಗೆ ಮಾತ್ರ ಈ ಬ್ರೇಕಿಂಗ್ ದುರ್ಬಲವಾಗುತ್ತದೆ. ಅವರು ಶೇ 85–90ಕ್ಕೆ ನಿಲ್ಲಿಸಬೇಕು. ಉಡುಪಿಗೆ 150 ಕಿ.ಮೀ. ಇರುವುದರಿಂದ ಹೋಗುವುದಕ್ಕೆ ಚಿಂತೆಯಿಲ್ಲ. ವಾಪಸು ಹೊರಡುವ ಮೊದಲು ಉಡುಪಿ–ಮಣಿಪಾಲದಲ್ಲಿ ಶೇ 80ಕ್ಕೆ ತುಂಬಿಸಿಕೊಳ್ಳಿ. ಹೆಬ್ರಿ ದಾಟಿದ ಮೇಲೆ ಚಾರ್ಜರ್ ಹುಡುಕುವ ಪರಿಸ್ಥಿತಿ ತಂದುಕೊಳ್ಳಬೇಡಿ. ಒಂದು ಸಣ್ಣ ಮಾತು: ಕಾಲು ತೆಗೆದ ಕೂಡಲೇ ಕಾರು ತಡೆಯುವ ಈ ಗುಣ ಹಿಂದಿನ ಸೀಟಿನವರಿಗೆ ವಾಂತಿ ತರಿಸುತ್ತದೆ. ಊರೊಳಗೂ ಹೆದ್ದಾರಿಯಲ್ಲೂ ಅದನ್ನು ಕಡಿಮೆ ಮಟ್ಟಕ್ಕೆ ಇಟ್ಟು, ಇಳಿಜಾರಿನಲ್ಲಷ್ಟೇ ಹೆಚ್ಚಿಸಿ. ನಿಮ್ಮ ಮನೆಯವರು ಆಗ ಕಾರನ್ನು ಬೈಯುವುದಿಲ್ಲ.

ಬ್ಯಾಟರಿ ಸಾಯುವ ಭಯಕ್ಕೆ ಬರೋಣ. ‘ಎಂಟು ವರ್ಷ’ ಎಂಬುದು ವಾರಂಟಿಯ ಅವಧಿ, ಸಾಮಾನ್ಯವಾಗಿ 1.6 ಲಕ್ಷ ಕಿ.ಮೀ. ಮಿತಿಯೊಂದಿಗೆ. ಅದು ಬ್ಯಾಟರಿಯ ಆಯುಷ್ಯವಲ್ಲ. ಫ್ರಿಜ್ಜಿನ ವಾರಂಟಿ ಮುಗಿದ ದಿನ ಯಾರೂ ಅದನ್ನು ಬೀದಿಗೆ ಹಾಕುವುದಿಲ್ಲವಲ್ಲ. ನಮ್ಮಲ್ಲಿ ಮಾರಾಟವಾಗುವ ಅನೇಕ ಕಾರುಗಳಲ್ಲಿರುವ ಎಲ್ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬಗೆಯ ಕೋಶಗಳು ಎರಡು ಸಾವಿರಕ್ಕೂ ಹೆಚ್ಚು ಪೂರ್ಣ ಚಾರ್ಜ್ ಸುತ್ತುಗಳನ್ನು ತಾಳಿಕೊಳ್ಳುತ್ತವೆ. ನೀವು ವರ್ಷಕ್ಕೆ 20,000 ಕಿ.ಮೀ. ಓಡಿಸಿದರೆ ಆಗುವುದು ಅರವತ್ತೈದು–ಎಪ್ಪತ್ತು ಸುತ್ತು. ಹತ್ತು ವರ್ಷಕ್ಕೆ ಏಳುನೂರು. ಓಡಿಸಿದ್ದರಿಂದ ಸವೆಯುವುದಕ್ಕಿಂತ ವಯಸ್ಸು ಮತ್ತು ಬಿಸಿಲಿನಿಂದ ಸವೆಯುವುದೇ ಹೆಚ್ಚು, ಆ ವಿಷಯದಲ್ಲಿ ಮಲೆನಾಡಿನ ಹವೆ ನಿಮ್ಮ ಪರ. ಹತ್ತು ವರ್ಷದ ನಂತರ 320 ಕಿ.ಮೀ. ಹೋಗುತ್ತಿದ್ದ ಕಾರು 260 ಹೋದರೂ ಭದ್ರಾವತಿಗೆ ಏನೂ ತೊಂದರೆಯಿಲ್ಲ. ಕೋಶಗಳ ಬಗೆ ಯಾವುದು ಎಂದು ಕೇಳಿ ತಿಳಿದುಕೊಳ್ಳಿ. ಎಲ್ಎಫ್‌ಪಿ ಆದರೆ ವಾರಕ್ಕೊಮ್ಮೆ ಶೇ 100 ತುಂಬಿಸುವುದು ಒಳ್ಳೆಯದು, ಉಳಿದಿರುವುದೆಷ್ಟು ಎಂಬ ಕಾರಿನ ಅಂದಾಜು ಆಗ ಸರಿಯಾಗಿರುತ್ತದೆ. ಎನ್‌ಎಂಸಿ (ನಿಕ್ಕಲ್–ಮ್ಯಾಂಗನೀಸ್–ಕೋಬಾಲ್ಟ್) ಆದರೆ ದಿನನಿತ್ಯಕ್ಕೆ ಶೇ 80 ಸಾಕು.

ನಿಮ್ಮ ಸಹೋದ್ಯೋಗಿಗಳು ಹೇಳದ ಅಪಾಯ ಬೇರೆಯೇ ಇದೆ. ಬ್ಯಾಟರಿ ಕಾರಿನ ಹೊಟ್ಟೆಯಡಿ ಚಪ್ಪಟೆಯಾಗಿ ಹರಡಿಕೊಂಡಿರುತ್ತದೆ. ತೋಟದ ದಾರಿಯ ಎದ್ದ ಕಲ್ಲು, ಲೆಕ್ಕವಿಲ್ಲದೆ ಎತ್ತರಿಸಿದ ಹಂಪ್ ತಗುಲಿ ಕವಚ ಜಜ್ಜಿದರೆ ಅದು ವಾರಂಟಿಗೆ ಬರುವುದಿಲ್ಲ, ವಿಮೆಗೆ ಬರಬೇಕು. ಬ್ಯಾಟರಿಗೆ ಹೆಚ್ಚುವರಿ ವಿಮಾ ರಕ್ಷಣೆಯನ್ನು ಪಾಲಿಸಿಯಲ್ಲಿ ಸೇರಿಸಿದ್ದಾರೆಯೇ, ಹೊಟ್ಟೆಯಡಿಯ ಪೆಟ್ಟು ಮತ್ತು ನೀರು ನುಗ್ಗುವುದು ಅದರಲ್ಲಿ ಸೇರಿದೆಯೇ ಎಂದು ಸಾಲು ಸಾಲು ಓದಿ. ಥರ್ಡ್ ಪಾರ್ಟಿ ಪ್ರೀಮಿಯಮ್ಮಿನಲ್ಲಿ ಇವಿಗೆ ಶೇ 15 ರಿಯಾಯಿತಿ ಇದೆ, ಆ ಉಳಿತಾಯವನ್ನು ಇಲ್ಲಿ ಹಾಕಿ. ದಾರಿಯಲ್ಲಿ ಇವಿ ಕೈಕೊಡುವುದು ದೊಡ್ಡ ಬ್ಯಾಟರಿಯಿಂದಲ್ಲ, ಹೆಚ್ಚಾಗಿ ಮಾಮೂಲಿ 12 ವೋಲ್ಟಿನ ಸಣ್ಣ ಬ್ಯಾಟರಿಯಿಂದ. ಅದು ಇಳಿದುಹೋದರೆ ಕೆಳಗೆ 40 ಯುನಿಟ್ ತುಂಬಿದ್ದರೂ ಕಾರು ಎಚ್ಚರಗೊಳ್ಳುವುದಿಲ್ಲ. ಮೂರು ವರ್ಷವಾದ ಮೇಲೆ ಅದನ್ನು ಪರೀಕ್ಷಿಸಿ ಬದಲಿಸಿ. ಎಳೆಸಬೇಕಾಗಿ ಬಂದರೆ ಹಗ್ಗ ಕಟ್ಟಿ ಎಳೆಸಬೇಡಿ. ಚಕ್ರ ಉರುಳಿದರೆ ಮೋಟರ್ ವಿದ್ಯುತ್ ಹುಟ್ಟಿಸುತ್ತದೆ, ಹಾಗಾಗಿ ಪೂರ್ತಿ ಮೇಲೆ ಹೊತ್ತೊಯ್ಯುವ ಲಾರಿಯೇ ಬೇಕು.

ಮಳೆಯಲ್ಲಿ ಚಾರ್ಜ್ ಮಾಡಬಹುದು, ಗನ್ ಕೂತು ಕೊಂಡಿ ಬಿದ್ದ ಮೇಲಷ್ಟೇ ವಿದ್ಯುತ್ ಹರಿಯುತ್ತದೆ. ಬ್ಯಾಟರಿಯ ಐಪಿ67 ಗುರುತಿನ ಅರ್ಥ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಾಳುತ್ತದೆ ಎಂದು. ತುಂಗೆ ತುಂಬಿ ಹರಿಯುವಾಗ ಸೇತುವೆಯ ಮೇಲಿನ ನೀರಿಗೆ ಇಳಿಯಲು ಅದು ಪರವಾನಗಿಯಲ್ಲ. ಎಲ್ಲಾದರೂ ಕಾರು ಮುಳುಗಿದರೆ ನೀರಿಳಿದ ಮೇಲೂ ಆನ್ ಮಾಡಬೇಡಿ, ಚಾರ್ಜಿಗೂ ಹಾಕಬೇಡಿ. ಕರೆಂಟ್ ಹೋಗುವ ಚಿಂತೆಗೆ ನಿಮ್ಮ ಓಡಾಟವೇ ಉತ್ತರ. ಪೂರ್ತಿ ಬ್ಯಾಟರಿ ಆರೇಳು ದಿನದ ಕೆಲಸಕ್ಕೆ ಸಾಕು. ಜೂನ್‌ನಿಂದ ಆಗಸ್ಟ್‌ವರೆಗೆ ಶೇ 60ಕ್ಕಿಂತ ಕೆಳಗೆ ಬಿಡದಿದ್ದರೆ ಮರ ಬಿದ್ದು ಎರಡು ದಿನ ಲೈನ್ ಹೋದರೂ ಕಾರು ನಿಲ್ಲುವುದಿಲ್ಲ. ಮನೆಯ ಯುಪಿಎಸ್‌ನಿಂದ ಕಾರು ಚಾರ್ಜ್ ಮಾಡುವ ಸಾಹಸ ಬೇಡ. ಉಲ್ಟಾ ಆಗಬಹುದು: ಕೆಲವು ಕಾರುಗಳಲ್ಲಿ ವಿ2ಎಲ್ ಎಂಬ ಸೌಲಭ್ಯ ಇದ್ದು, ಕಾರಿನಿಂದಲೇ ಫ್ರಿಜ್, ಮಿಕ್ಸಿ ಓಡಿಸಬಹುದು. ಮಲೆನಾಡಿನ ಮನೆಗೆ ಸನ್‌ರೂಫಿಗಿಂತ ಉಪಯುಕ್ತ.

ಅಳಿಯನ ಮಾತಿನಲ್ಲಿ ಅರ್ಧ ಸತ್ಯವಿದೆ, ರಾತ್ರಿಯ ವಿದ್ಯುತ್ತಿನಲ್ಲಿ ಕಲ್ಲಿದ್ದಲಿನ ಪಾಲು ದೊಡ್ಡದೇ. ಆದರೂ ಎಂಜಿನ್ನು ಪೆಟ್ರೋಲಿನ ಶಕ್ತಿಯಲ್ಲಿ ಮುಕ್ಕಾಲು ಪಾಲನ್ನು ಶಾಖವಾಗಿ ಚೆಲ್ಲುತ್ತದೆ, ಮೋಟರ್ ಹಾಗಲ್ಲ. 1,035 ಮೆಗಾವಾಟಿನ ಶರಾವತಿ ವಿದ್ಯುದಾಗಾರ ನಿಮ್ಮ ಜಿಲ್ಲೆಯಲ್ಲೇ ಇದೆ ಎಂದೂ ಅವರಿಗೆ ನೆನಪಿಸಬಹುದು. ವಾದ ಗೆಲ್ಲಲೇಬೇಕೆಂದಿದ್ದರೆ ಪಿಎಂ ಸೂರ್ಯಘರ್‌ನಲ್ಲಿ 3 ಕಿಲೊವಾಟ್ ಸೌರ ಫಲಕಕ್ಕೆ 78,000 ರೂ. ಸಬ್ಸಿಡಿ ಸಿಗುತ್ತದೆ. ಜುಲೈ ತಿಂಗಳ ಶಿವಮೊಗ್ಗದಲ್ಲಿ ಅದರಿಂದ ದೊಡ್ಡ ನಿರೀಕ್ಷೆ ಇಟ್ಟುಕೊಳ್ಳಬೇಡಿ.

ಮರುಮಾರಾಟದ ಬೆಲೆ ಇವಿಯ ನಿಜವಾದ ದೌರ್ಬಲ್ಯ. ನಾಲ್ಕು ವರ್ಷಕ್ಕೊಮ್ಮೆ ಕಾರು ಬದಲಿಸುವವರಿಗೆ ನಾನು ಹೇಳುವುದು ಬೇಡ ಎಂದೇ. ಹನ್ನೊಂದು ವರ್ಷ ಒಂದೇ ಕಾರು ಇಟ್ಟುಕೊಂಡ ನಿಮಗೆ ಅದು ಅಷ್ಟಾಗಿ ತಟ್ಟದು. ಕೆಲವು ಕಂಪನಿಗಳ ‘ಆಜೀವ’ ಬ್ಯಾಟರಿ ವಾರಂಟಿ ಮೊದಲ ಮಾಲೀಕರಿಗೆ ಮಾತ್ರ, ಹಾಗಾಗಿ ಕಾರು ಯಾರ ಹೆಸರಿನಲ್ಲಿ ನೋಂದಣಿಯಾಗಬೇಕು ಎಂಬುದನ್ನು ಈಗಲೇ ಯೋಚಿಸಿ. ಬ್ಯಾಟರಿಯನ್ನು ಬಾಡಿಗೆಗೆ ಕೊಡುವ ಯೋಜನೆಯ ಕಡಿಮೆ ಬೆಲೆಗೆ ಮರುಳಾಗಬೇಡಿ. 2024ರಲ್ಲಿ ಎಂಜಿ ಕಂಪನಿಯ ವಿಂಡ್ಸರ್ ಇವಿ ಬಂದಾಗ ಆ ಬಾಡಿಗೆ ಕಿ.ಮೀ.ಗೆ 3.5 ರೂ. ಇತ್ತು. ನಿಮ್ಮ 20,000 ಕಿ.ಮೀ.ಗೆ ಅದು ವರ್ಷಕ್ಕೆ 70,000. ಪೆಟ್ರೋಲಿನಲ್ಲಿ ಉಳಿದದ್ದರ ಬಹುಭಾಗ ಅಲ್ಲಿಗೇ ಹೋಯಿತು. ಸ್ಪೇರ್ ಟೈರ್ ಇದೆಯೇ ಎಂದು ಡಿಕ್ಕಿ ತೆಗೆದು ನೋಡಿ. ಹಲವು ಇವಿಗಳಲ್ಲಿ ಪಂಕ್ಚರ್ ಕಿಟ್ ಮಾತ್ರ ಇರುತ್ತದೆ, ತೀರ್ಥಹಳ್ಳಿ ದಾಟಿದ ಮೇಲೆ ಟೈರಿನ ಪಕ್ಕ ಹರಿದರೆ ಅದರಿಂದ ಏನೂ ಆಗುವುದಿಲ್ಲ. ಶಿವಮೊಗ್ಗದ ಸರ್ವೀಸ್ ಕೇಂದ್ರದಲ್ಲಿ ಹೈವೋಲ್ಟೇಜ್ ತರಬೇತಿ ಪಡೆದವರು ಎಷ್ಟು ಜನ, ಬ್ಯಾಟರಿ ಕಳಚಬೇಕಾದರೆ ಅಲ್ಲೇ ಆಗುತ್ತದೆಯೋ, ಕಾರನ್ನು ಬೇರೆ ಊರಿಗೆ ಕಳಿಸುತ್ತಾರೋ ಎಂದು ನೇರವಾಗಿ ಕೇಳಿ. ಉತ್ತರ ತಡವರಿಸಿದರೆ ಇನ್ನೊಂದು ಕಂಪನಿಯ ಬಾಗಿಲು ತಟ್ಟಿ.

ಕಾಯಬೇಕೇ? ಹೊಸ ಮಾದರಿ ಪ್ರತಿ ವರ್ಷವೂ ಬರುತ್ತದೆ, ಆ ಲೆಕ್ಕದಲ್ಲಿ ಕಾಯುವುದಕ್ಕೆ ಕೊನೆಯಿಲ್ಲ. ಈ ವಾರ ಮೆಸ್ಕಾಂಗೆ ಅರ್ಜಿ ಹಾಕಿ, ಅರ್ಥಿಂಗ್ ಕೆಲಸ ಮಾಡಿಸಿ. ದೀಪಾವಳಿಯೊಳಗೆ ಮೀಟರ್ ಬಂದರೆ ಕೊಳ್ಳಿ, ಬರದಿದ್ದರೆ ಕಾರಿನ ಮುಂಗಡವನ್ನೂ ಕೊಡಬೇಡಿ. 40 ಯುನಿಟ್ಟಿಗಿಂತ ಸಣ್ಣ ಬ್ಯಾಟರಿಯ ಕಾರು ನಿಮ್ಮ ಬೆಂಗಳೂರು ದಾರಿಗೆ ಇಕ್ಕಟ್ಟು, ಬೆಲೆ ಎಷ್ಟು ಕಡಿಮೆಯಿದ್ದರೂ ಬಿಡಿ. ಹಬ್ಬದ ರಿಯಾಯಿತಿ ಸಿಗುವ ಕಾರು ಕೆಲವೊಮ್ಮೆ ಅಂಗಳದಲ್ಲಿ ತಿಂಗಳುಗಟ್ಟಲೆ ಬಿಸಿಲು ಕಾದದ್ದಾಗಿರುತ್ತದೆ. ಬಾಗಿಲ ಕಂಬದ ಮೇಲಿನ ಫಲಕದಲ್ಲಿ ತಯಾರಾದ ತಿಂಗಳು ನೋಡಿ. ಆರು ತಿಂಗಳಿಗಿಂತ ಹಳೆಯದಾದರೆ ಬೇರೆ ಕಾರು ಕೇಳಿ, ಇಲ್ಲವೇ ಬ್ಯಾಟರಿಯ ಆರೋಗ್ಯದ ವರದಿಯನ್ನು ಮುದ್ರಿಸಿ ಕೊಡುವಂತೆ ಹೇಳಿ ಆಮೇಲೆ ಸಹಿ ಹಾಕಿ.